ಹಿತ್ತಲದಾಗಿನ ಡಿಶ್

ಇಜೇರಿ, 1996

ಶಿವರಾಯ,

ಹೌದು, ಹೆಸರು ಹಿಡದೇ ಕರೀತೇನಿ. ಕಟ್ಟಿಕೊಂಡ ಹೆಂಡತೀನ ಬಿಟ್ಟು ಸೋಲಾಪುರದಾಗ ಇನ್ನೊಬ್ಬಾಕಿ ಜೋಡಿ ಸಂಸಾರ ಹೂಡಿದವಗ ‘ರೀ’ ಅನ್ನೂದು ನನ್ನಿಂದ ಆಗಂಗಿಲ್ಲ. ಈ ಪತ್ರ ನಿನಗ ಹಾಕೂದೂ ಇಲ್ಲ.

ನೀ ಭಂಗಾರದ ಗುಜರಿ ಅಂಗಡ್ಯಾಗ ಆರಿಸಿ ತಂದು, ತಿಕ್ಕಿ, ಬಣ್ಣ ಹೊಡದು ಖುಷಿಪಡತಿದ್ದ ಹಳೇ ಟಿವಿ ಡಿಶ್‌ಗಳನ್ನೆಲ್ಲಾ ತಿರುಗಿ ಭಂಗಾರದವಗೇ ಹಾಕಿದೆ. ಮಣ್ಣೂರದಿಂದ ಟ್ರ್ಯಾಕ್ಟರ್‌ನ್ಯಾಗ ತಂದಿದ್ದ ದೊಡ್ಡದೊಂದ ಇಟ್ಟಕೊಂಡೆ. ಅದನ್ನ ರಿಪೇರಿ ಮಾಡೂದು ನಿನ್ನ ಕೈಲೆ ಆಗಿರಲಿಲ್ಲ, ಅದಕ್ಕ.

ಡಿಶ್‌ದ ಹರದ ಜಾಳಿ ತಂತಿಲೆ ಹೊಲದೆ. ಕಬ್ಬಿಣಕ್ಕ ಹಿಡದ ಜಂಗ ತಿಕ್ಕಿ ತಿಕ್ಕಿ ಬೆರಳು ಒಡದು ರಕ್ತ ಬಂತು. ನಿನ್ನೆ ಮಧ್ಯಾಹ್ನ ಓಣಿಯವರನ್ನ ಕರದು ಕಂಬಕ್ಕ ಏರಿಸಿದೆ. ಅವರು ಹೋದ ಮ್ಯಾಲ ನಿಮ್ಮವ್ವನ್ನ ಟಿವಿ ಮುಂದ ಕೂಡಿಸಿ, ‘ಚಿತ್ರ ಬಂದ್ರ ಕೂಗ್ರಿ ಅತ್ತಿ’ ಅಂತ ಹೇಳಿ, ಹಿತ್ತಲದಾಗ ನಿಂತು ಡಿಶ್ ತಿರಗಸಾಕ ಹತ್ತಿದೆ. ನಿಮ್ಮವ್ವ ನನ್ನ ಕಡೇನ ಅದಾಳ, ತಿಳಕೋ. ನಿನ್ನ ಸುದ್ದಿ ತಗದರ ಎದ್ದು ಹೋಗತಾಳ.

ಬಾಳ ಹೊತ್ತು ಏನೂ ಬರಲಿಲ್ಲ. ಎಳ್ಳಷ್ಟು ಮ್ಯಾಲಕ್ಕ ಎತ್ತಿದೆ. ನೀ ಡಿಶ್ ತಿರಗಸುವಾಗ ಚೀರತಿದ್ದಂಗನ ಒಳಗಿಂದ ಆಕಿ ಚೀರಿದಳು.

‘ಬಂತು, ಬಂತು! ಕೈ ಬಿಡೋ ಮಗನ, ಹಂಗ ನಿಲ್ಲಲಿ!’

ಆಮ್ಯಾಲ ಟಿವಿ ಸಪ್ಪಳ ಒಂದ ಕೇಳಸಾಕತ್ತು.

ನಾ ನಟ್ಟು ಬಿಗದು ಒಳಗ ಹೋದೆ. ಆಕಿ ಸೆರಗಿಲೆ ಮಾರಿ ಒರಸಿಕೊಂಡು, ‘ಚಿತ್ರ ಬಾಳ ಚಂದ ಬಂದದ’ ಅಂದಳು.

‘ಹೌದ್ರಿ ಅತ್ತಿ’ ಅಂದೆ.

ಅಷ್ಟು ಚಂದ ಚಿತ್ರ ನಿನ್ನ ಕಾಲಕ್ಕ ಒಮ್ಮೆನೂ ಬಂದಿರಲಿಲ್ಲ. ನಾವಿಬ್ಬರೂ ಅದರ ಕಡೆ ನೋಡಲಿಲ್ಲ.

ಶಿವಕಾಂತಾ