ನಿನ್ನಣ್ಣನ ಉಪ್ಪುನೀರಿನ ತೊಟ್ಟಿ

ಸೆಪ್ಟೆಂಬರ್ ೧೫, ಸೋಮವಾರ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ಎಷ್ಟು ದಿನವಾಯಿತೋ. ಉತ್ತರ ಬರೆಯದ ಈ ಅತ್ತಿಗೆಯನ್ನು ಎಷ್ಟು ಬೈಯಬೇಕೋ ಬೈದುಕೋ, ಆಮೇಲೆ ಮುಂದೆ ಓದು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಮೊಣಕಾಲು ನೋವು ಹೇಗಿದೆ? ಫೋನ್ ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತೀಯ, ಏನೋ ಮುಚ್ಚಿಡುತ್ತಿದ್ದೀಯ ಎಂದು ಬರೆದಿದ್ದೀಯ. ಫೋನು ಇರುವುದು ನಡುಮನೆಯಲ್ಲಿ, ನಿನ್ನಣ್ಣ ಕೂತಿರುವುದೂ ನಡುಮನೆಯಲ್ಲಿ. ಅವರಿಗೆ ಮಾತು ಹೋಗಿದೆ, ಕಿವಿ ಮಾತ್ರ ಮೊದಲಿಗಿಂತ ಚುರುಕು. ಅವರ ಎದುರಿಗೇ ಅವರ ಕಾಯಿಲೆಯ ಕಥೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಎರಡನೆಯವಳಾಗಿ ಈ ಮನೆಗೆ ಬಂದಾಗ ಬಾಯ್ತುಂಬ ಅತ್ತಿಗೆ ಎಂದು ಕರೆದವಳು ನೀನೊಬ್ಬಳೇ. ನಿನ್ನ ಹತ್ತಿರ ಮುಚ್ಚುಮರೆ ಮಾಡಿ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ನೀನು ಆಸ್ಪತ್ರೆಗೆ ಬಂದು ನೋಡಿ ಹೋದಾಗ ಅವರಿಗೆ ಒಂದು ಮಾತೂ ಇರಲಿಲ್ಲ. ಮನೆಗೆ ಬಂದ ಮೇಲೆ ಒಂದು ಬಂತು. ಒಂದೇ ಒಂದು. "ಚಿನ್ನು." ಓದಿ ಅಲ್ಲೇ ನಿಲ್ಲಬೇಡ ಪುಟ್ಟಿ, ಮುಂದೆ ಓದು. ಕಾಫಿ ಬೇಕಾದರೂ ಚಿನ್ನು, ಫ್ಯಾನ್ ಹಾಕಬೇಕಾದರೂ ಚಿನ್ನು, ಕಿಟಕಿಯ ಮೇಲೆ ಕೂತ ಕಾಗೆಗೂ ಚಿನ್ನು. ಗಡ್ಡ ಬೋಳಿಸಲು ಬಂದ ಕ್ಷೌರಿಕನನ್ನೂ ಚಿನ್ನು ಎಂದರು, ಅವನು ನಕ್ಕ ರಭಸಕ್ಕೆ ಇವರ ಗಲ್ಲ ಕುಯ್ಯುವುದೊಂದು ಬಾಕಿ. ಪಕ್ಕದ ಮನೆಯಾಕೆಯಂತೂ, "ಅರವತ್ತಾದ ಮೇಲೆ ಏನ್ ಸರಸ ನಿಮ್ಮನೆಯವರದು!" ಎಂದು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ಲಕ್ವ ಹೊಡೆದು ಮಿದುಳಿಗೆ ಪೆಟ್ಟು ಬಿದ್ದಾಗ ಹೀಗೆ ಯಾವುದೋ ಒಂದು ಮಾತು ಸಿಕ್ಕಿಕೊಂಡು ಬಿಡುತ್ತದಂತೆ, ಬೇರೇನು ಹೇಳಹೊರಟರೂ ಅದೇ ಹೊರಗೆ ಬರುತ್ತದಂತೆ. ಡಾಕ್ಟರು ಹಾಗೆಂದರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಿನ್ನಣ್ಣನಿಗೆ ಎರಡೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಗಾಜು ಕತ್ತರಿಸುತ್ತಲೇ ಬಂದ ಗಿರಾಕಿಗಳ ಜೊತೆ ಜಗಳ ಆಡುತ್ತಿದ್ದವರು. ಅಂಥವರು ಬಾಯಿ ತೆರೆದು, ಬೇಕಾದ್ದು ಬರದೆ, ಮತ್ತೆ ಬಾಯಿ ಮುಚ್ಚಿಕೊಳ್ಳುವುದನ್ನು ನೋಡಿದರೆ ಕರುಳು ಕಿತ್ತು ಬರುತ್ತದೆ. ಬಲಗೈ ತೊಡೆಯ ಮೇಲೆ ಬಿದ್ದಿರುತ್ತದೆ.

ಮಾತು ಕಲಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಾಳೆ. ನಾನು ಅವಳಿಗೆ ಮಾತಿನ ಮೇಡಂ ಎಂದು ಹೆಸರಿಟ್ಟಿದ್ದೇನೆ. ಮೊದಲು ಸೇಬು, ಚಮಚ, ಬೆಕ್ಕಿನ ಚಿತ್ರವಿದ್ದ ಕಾರ್ಡು ತೋರಿಸಿದಳು. ನಿನ್ನಣ್ಣ ಅವನ್ನೆಲ್ಲ ಎಡಗೈಯಲ್ಲಿ ಗುಡಿಸಿ ನೆಲಕ್ಕೆ ಹಾಕಿದರು. ಅವಳು ಬೇಸರಪಟ್ಟುಕೊಳ್ಳಲಿಲ್ಲ. "ಇವರಿಗೆ ಇಷ್ಟವಾದ ಕೆಲಸ ಯಾವುದಾದ್ರೂ ಶುರು ಮಾಡಿಸಿ ಅಮ್ಮ. ಕೈಯಲ್ಲಿ ಹಿಡಿಯೋ ವಸ್ತು ಇರ್ಬೇಕು, ಒಂದೊಂದಕ್ಕೂ ಹೆಸರಿರ್ಬೇಕು. ಚಿನ್ನು ಅಂದ್ರೆ ಕೊಡ್ಬೇಡಿ. ಕೇಳಿಸದ ಹಾಗೆ ಇದ್ದುಬಿಡಿ. ಸರಿಯಾದ ಮಾತು ಬಂದಾಗ ಮಾತ್ರ ಕೊಡಿ" ಎಂದಳು. ಈ ಆರು ತಿಂಗಳಲ್ಲಿ ಬಂದಷ್ಟೇ ಬರುವುದು, ಆಮೇಲೆ ಕಷ್ಟ ಎಂದೂ ಹೇಳಿದಳು.

ಇಷ್ಟವಾದ ಕೆಲಸ ಎಲ್ಲಿಂದ ತರಲಿ? ಒಂದು ದಿನ ಅಂಗಡಿ ತೋರಿಸಿ ಬರೋಣವೆಂದು ಕರೆದುಕೊಂಡು ಹೋದೆ. ಮೂಲೆಯಲ್ಲಿ ದಪ್ಪ ಗಾಜಿನ ಒಂದು ದೊಡ್ಡ ತೊಟ್ಟಿ ಧೂಳು ತಿನ್ನುತ್ತಿತ್ತು. ಹೋಟೆಲಿನವನೊಬ್ಬ ಸಮುದ್ರದ ಮೀನು ಸಾಕುತ್ತೇನೆಂದು ಮಾಡಿಸಿ, ಆಮೇಲೆ ಮನಸ್ಸು ಬದಲಾಯಿಸಿದ್ದನಂತೆ. ಅವನು ಕೊಟ್ಟಿದ್ದ ಹವಳದ ತೊಟ್ಟಿಯ ಬಣ್ಣದ ಚಿತ್ರ ಇನ್ನೂ ಗೋಡೆಯ ಮೇಲಿತ್ತು. ನಿನ್ನಣ್ಣ ಅದನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ಆಸ್ಪತ್ರೆ ಬಿಟ್ಟ ಮೇಲೆ ಅವರ ಮುಖದಲ್ಲಿ ಆಸೆ ಕಂಡದ್ದು ಅದೇ ಮೊದಲು. ನಾಲ್ಕು ಆಳು ಹಿಡಿದು ಅದನ್ನು ಮನೆಗೆ ಸಾಗಿಸಿದ್ದಾಯಿತು.

ಮೀನಿನ ಅಂಗಡಿಯವನು ಒಳ್ಳೆಯವನು. ಪ್ರತಿ ಮಾತಿಗೂ "ತಾಳ್ಮೆ ಇರಲಿ ಅಮ್ಮ" ಎನ್ನುತ್ತಾನಾದ್ದರಿಂದ ಅವನು ನನಗೆ ತಾಳ್ಮೆರಾಯ. "ಉಪ್ಪುನೀರಿನ ಸಹವಾಸ ಹೊಸಬರಿಗೆ ಕಷ್ಟ. ಗೋಲ್ಡ್‌ಫಿಶ್ ತಗೊಂಡ್ಹೋಗಿ, ಆರಾಮಾಗಿರಿ" ಎಂದ. ನಿನ್ನಣ್ಣ ಅವನ ಅಂಗಡಿಯ ಹವಳದ ತೊಟ್ಟಿಗೆ ಅಂಗೈ ಒತ್ತಿ ನಿಂತುಬಿಟ್ಟರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು, ನಿನಗೆ ಗೊತ್ತಲ್ಲ. ಮನೆಯ ಉಪ್ಪು ಹಾಕಿದರೆ ಆಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ತಾಳ್ಮೆರಾಯ ಹಣೆ ಹಣೆ ಚಚ್ಚಿಕೊಂಡ. ಸಮುದ್ರದ ನೀರು ಮಾಡುವುದಕ್ಕೆಂದೇ ಬೇರೆ ಉಪ್ಪು ಬರುತ್ತದಂತೆ. ನಲ್ಲಿ ನೀರೂ ಆಗುವುದಿಲ್ಲ, ಶುದ್ಧ ಮಾಡಿದ ಕ್ಯಾನ್ ನೀರೇ ಬೇಕು.

ತೊಟ್ಟಿ ಇಡುವ ಮೇಜು ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿದವರು ನಿನ್ನಣ್ಣನೇ. ಗುಳ್ಳೆ ಒಂದು ಕೂದಲು ಸರಿದಿದ್ದರೂ ತಲೆಯಾಡಿಸಿದರು. ಮೇಜಿನ ಕಾಲಿನ ಕೆಳಗೆ ರಟ್ಟು ಸಿಕ್ಕಿಸಿ ಸಿಕ್ಕಿಸಿ ನನ್ನ ಸೊಂಟ ಬಿದ್ದುಹೋಯಿತು. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಕಿಟಕಿಯಿಂದ ದೂರದ ಗೋಡೆಗೆ ಇಟ್ಟೆವು.

ಬಕೆಟ್ಟಿನಲ್ಲಿ ಉಪ್ಪು ಕಲಸುವ ದಿನ ಮೊದಲ ಜಗಳವಾಯಿತು. ಅವರು ನೀರಿನ ಕ್ಯಾನ್ ತೋರಿಸಿ ಚಿನ್ನು ಎಂದರು. ನಾನು ಕೇಳಿಸದವಳ ಹಾಗೆ ಕೂತೆ. ಮತ್ತೆ ಚಿನ್ನು. ನಾನು ಗೋಡೆ ನೋಡಿದೆ. ಸಿಟ್ಟು ನೆತ್ತಿಗೇರಿ ಬಕೆಟ್ಟನ್ನು ಕಾಲಲ್ಲಿ ಒದ್ದರು, ನಡುಮನೆಯೆಲ್ಲ ಉಪ್ಪುನೀರು. ಬಿದ್ದ ಬಕೆಟ್ಟನ್ನು ಎತ್ತಲು ಬಗ್ಗಿದ್ದೆ, ಬೆನ್ನ ಹಿಂದಿನಿಂದ, ಕಲ್ಲಿನ ಸಂದಿಯಿಂದ ಹೊರಟ ಹಾಗೆ, "ನೀ... ನೀರು" ಎಂದು ಕೇಳಿತು. ಪುಟ್ಟಿ, ನಾನು ಆ ಒದ್ದೆಯಲ್ಲೇ ಕೂತು ಅತ್ತೆ. ಅವರೂ ಅತ್ತರು. ಆಮೇಲೆ ಇಬ್ಬರೂ ಸೇರಿ ನೆಲ ಒರೆಸಿದೆವು.

"ಉಪ್ಪು" ಎಂಬ ಮಾತೂ ಅದೇ ವಾರ ಬಂತು. ನೀರಿನ ಉಪ್ಪಿನಂಶ ನೋಡಲು ಪುಟ್ಟ ದುರ್ಬೀನಿನಂಥದ್ದೊಂದು ಇದೆ. ತುದಿಗೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಹನಿ ಬಿಡುವುದು ನಾನು, ನೋಡುವುದು ಅವರು. ತೂತು ತೂತಾದ ಸಮುದ್ರದ ಕಲ್ಲುಗಳನ್ನು ಜೋಡಿಸುವಾಗ "ಕಲ್ಲು" ಬಂತು. ಮಾತ್ರೆ ಕೊಡಲು ಹೋದಾಗ "ಬೇಡ" ಬಂತು. ನಿನ್ನಣ್ಣನಿಗೆ ಬೇಡ ಎನ್ನುವುದು ಬಾರದೇ ಇರುತ್ತದೆಯೇ?

ಮೀನು ಮಾತ್ರ ತರುವ ಹಾಗಿರಲಿಲ್ಲ. "ಮೀನಿನ ಹೊಲಸು ನೀರಲ್ಲಿ ವಿಷ ಆಗುತ್ತೆ ಅಮ್ಮ. ಅದನ್ನ ತಿಂದು ಅರಗಿಸೋ ಜೀವಿಗಳು, ಕಣ್ಣಿಗೆ ಕಾಣಲ್ಲ ಅವು, ಈ ಕಲ್ಲಲ್ಲಿ ಬೆಳೀಬೇಕು. ಅಲ್ಲೀವರೆಗೆ ತಾಳ್ಮೆ ಇರಲಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಮಾತ್ರ ಹಾಕ್ತಿರಿ" ಎಂದ ತಾಳ್ಮೆರಾಯ. ವಾರಗಟ್ಟಲೆ ನಾನು ಇಲ್ಲದ ಮೀನಿಗೆ ಊಟ ಹಾಕಿದೆ. ಬಂದವರೆಲ್ಲ ಬಗ್ಗಿ ಬಗ್ಗಿ ನೋಡಿ, "ಎಲ್ಲಿ ಮೀನು?" ಎನ್ನುವವರೇ. ಪಕ್ಕದ ಮನೆಯಾಕೆ, "ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು ನಿಮ್ಮ ಕಥೆ" ಎಂದಳು. ಗಾಜಿಗೆಲ್ಲ ಕಂದು ಬಣ್ಣದ ಲೋಳೆ ಕಟ್ಟಿ ನೋಡಲು ಹೇಸಿಗೆಯಾಗುತ್ತಿತ್ತು. ನಿನ್ನಣ್ಣ ಮಾತ್ರ ಆ ಖಾಲಿ ನೀರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಪಂಪಿನ ಸದ್ದಿಗೆ ತೂಕಡಿಸುತ್ತಿದ್ದರು.

ಲೋಳೆ ತಿನ್ನಲು ಮೊದಲು ಬಸವನಹುಳುಗಳು ಬಂದವು, ಚಿಪ್ಪು ಹೊತ್ತು ತಿರುಗುವ ಒಂದೆರಡು ಸನ್ಯಾಸಿ ಏಡಿಗಳೂ ಬಂದವು. ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ನೀರು ಆವಿಯಾಗಿ ಮಟ್ಟ ಇಳಿದಾಗಲೆಲ್ಲ, ಸಮುದ್ರದ ನೀರಲ್ಲವೇ ಎಂದು, ಉಪ್ಪು ಕಲಸಿದ ನೀರನ್ನೇ ಸುರಿದೆ. ಎರಡು ಹುಳು ಚಿಪ್ಪಿನೊಳಗೇ ಸತ್ತವು. "ಆರಿಹೋಗೋದು ನೀರು ಅಮ್ಮ, ಉಪ್ಪು ಅಲ್ಲೇ ಇರುತ್ತೆ. ಮೇಲಿಂದ ಬರೀ ಸಿಹಿನೀರು ಹಾಕ್ಬೇಕು" ಎಂದ ತಾಳ್ಮೆರಾಯ. ಒಳ್ಳೆಯದು ಮಾಡಲು ಹೋಗಿ ಕೊಂದೆನಲ್ಲ ಎಂದು ಆ ದಿನ ಅನ್ನ ಸೇರಲಿಲ್ಲ.

ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿ ಎದ್ದಿದ್ದೆ. ಅವರಿಗೆ ಊಟ ಕೊಟ್ಟು ಬಂದೆ. ಈಗಂತೂ "ಅನ್ನ" ಎನ್ನುತ್ತಾರೆ, "ಸಾಕು" ಎನ್ನುತ್ತಾರೆ.

ಕೊನೆಗೂ ಹೋದ ತಿಂಗಳು ಎರಡು ಮೀನು ಬಂದವು. ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟೆ. ಬಂದ ಕೂಡಲೇ ಬಿಡುವ ಹಾಗಿಲ್ಲ. ಚೀಲವನ್ನು ತೊಟ್ಟಿಯ ಮೇಲೆ ತೇಲಿಬಿಟ್ಟು, ನಮ್ಮ ನೀರನ್ನು ಹನಿಹನಿಯಾಗಿ ಅದಕ್ಕೆ ಸೇರಿಸಿ ಪಳಗಿಸಬೇಕು. ಆಮೇಲೆ ಅವು ಆಡಾಡುತ್ತ ಕಲ್ಲಿನ ಸಂದಿಗೆ ಹೋದವು, ಒಂದು ಇಣುಕಿ ನೋಡಿತು. ನಿನ್ನಣ್ಣ ಗಾಜಿಗೆ ಹಣೆಯಿಟ್ಟು, "ಮೀನು. ಮೀನು. ಮೀನು" ಎಂದರು. ಒಂದು ಸಲವೂ ತಪ್ಪಲಿಲ್ಲ. ಮಾತಿನ ಮೇಡಂ ಚಪ್ಪಾಳೆ ಹೊಡೆದಳು. ಈಗ ಅಂಗಿಯ ಗುಂಡಿಯಷ್ಟು ಅಗಲದ ಮೆತ್ತನೆಯ ಹವಳವೂ ಬಂದಿದೆ. ಹವಳ ಎಂದರೆ ಸರದಲ್ಲಿ ಪೋಣಿಸುವುದು ಎಂದಷ್ಟೇ ತಿಳಿದಿದ್ದೆ ನಾನು. ಇದು ದೀಪ ಹಾಕಿದರೆ ಅರಳುತ್ತದೆ, ಆರಿಸಿದರೆ ಮುದುಡುತ್ತದೆ. ಆ ಮಾತು ಇನ್ನೂ ಪೂರ್ತಿ ಬಂದಿಲ್ಲ, "ಹವ" ಎನ್ನುವವರೆಗೆ ಬಂದಿದೆ.

ಮುಂದಿನ ವಾರ ಬರುತ್ತೇನೆಂದು ಬರೆದಿದ್ದೀಯ, ಖಂಡಿತ ಬಾ. ಅಣ್ಣ ನಿನ್ನನ್ನು ಪುಟ್ಟಿ ಎಂದು ಕರೆಯುತ್ತಾರೆ, ನಿನ್ನ ಫೋಟೋ ತೋರಿಸಿದಾಗ ಮೊನ್ನೆ ಹಾಗೇ ಎಂದರು. ಮೊದಲೇ ಹೇಳಿಬಿಟ್ಟೆ, ಬಾಗಿಲಲ್ಲೇ ಅಳಬೇಡ. ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೂ ಒಳ್ಳೆಯದಾಗಲಿ, ಮೊಣಕಾಲು ಬೇಗ ವಾಸಿಯಾಗಲಿ.

ಇಂತಿ,
ನಿನ್ನ ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ ಪುಟ್ಟಿ, ಮೇಲೆ ಬರೆಯಲು ಕೈ ಬರಲಿಲ್ಲ.

ಚಿನ್ನು ಎಂದು ಅವರು ಕರೆಯುತ್ತಿದ್ದದ್ದು ನಿನ್ನ ಮೊದಲ ಅತ್ತಿಗೆಯನ್ನು. ನಾನು ಬರುವ ಮೊದಲೇ ತೀರಿಹೋದವಳನ್ನು. ನೀನೇ ಒಮ್ಮೆ ಬಾಯಿ ತಪ್ಪಿ ನನಗೆ ಹೇಳಿದ್ದೆ. ಇಪ್ಪತ್ತೆಂಟು ವರ್ಷ ಈ ಮನೆಯಲ್ಲಿ ಅವರ ಬಾಯಿಂದ ಆ ಹೆಸರು ಒಂದು ದಿನವೂ ಕೇಳಿರಲಿಲ್ಲ. ಎಲ್ಲಕ್ಕೂ ಅದೇ ಮಾತು ಬರುತ್ತಿದ್ದಾಗ, ಕಾಗೆಗೂ ಅದೇ, ಕಾಫಿಗೂ ಅದೇ, ಪಾಪ ಕಾಯಿಲೆ ಎಂದುಕೊಂಡು ನಗುತ್ತಿದ್ದೆ. ಈಗ ನೀರು ನೀರಾಯಿತು, ಉಪ್ಪು ಉಪ್ಪಾಯಿತು, ಮೀನು ಮೀನಾಯಿತು. ಆ ಹೆಸರು ಈಗ ನನ್ನೊಬ್ಬಳಿಗೇ ಉಳಿದಿದೆ.

ಹೋದ ವಾರ ಅವರು ಕರೆದಾಗ, ಮೇಡಂ ಹೇಳಿಕೊಟ್ಟ ಹಾಗೆ, ನಾನು ಓಗೊಡಲಿಲ್ಲ. ಸಿಂಕಿನ ಅಂಚು ಹಿಡಿದು ನಿಂತೆ. ಬೇರೆ ಮಾತು ಬರಲಿ, ಬರಲಿ ಎಂದು ಕಾದೆ. ಕರೆದು ಕರೆದು ಕೊನೆಗೆ ಕಾಲು ಎಳೆದುಕೊಂಡು ಅಡುಗೆಮನೆಗೇ ಬಂದರು. ನನ್ನ ಭುಜ ಮುಟ್ಟಿ, ಕಳೆದದ್ದು ಸಿಕ್ಕಿದವರ ಹಾಗೆ ನಕ್ಕು, "ಚಿನ್ನು" ಎಂದರು.

ಮಾತಿನ ಮೇಡಂ ಮೊನ್ನೆ ಕೇಳಿದಳು. "ಇನ್ನು ಇದೊಂದೇ ತಪ್ಪು ಉಳಿದಿದೆ. ಮೊದಲು ನಿಮ್ಮನ್ನ ಏನಂತ ಕರೀತಿದ್ರು ಹೇಳಿ, ಅದನ್ನೇ ಅಭ್ಯಾಸ ಮಾಡಿಸೋಣ" ಎಂದಳು. ನಾನು ಯೋಚಿಸಿದೆ. "ಏನೇ" ಎನ್ನುತ್ತಿದ್ದರು. "ಕೇಳಿಸ್ತಾ" ಎನ್ನುತ್ತಿದ್ದರು. ಸಿಟ್ಟು ಬಂದರೆ "ಎಲ್ಲಿ ಹಾಳಾಗಿ ಹೋದೆ" ಎನ್ನುತ್ತಿದ್ದರು. ನಾಲ್ಕು ಜನರ ಎದುರು "ನಮ್ಮನೆಯವಳು". ನನಗೊಂದು ಹೆಸರಿದೆಯಲ್ಲ, ಅದು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಎಂದೂ ಕರೆಯದ ಹೆಸರು ವಾಪಸು ಬಾ ಎಂದರೆ ಎಲ್ಲಿಂದ ಬಂದೀತು? ಆ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ನನಗೆ ನಾಚಿಕೆಯಾಯಿತು ಪುಟ್ಟಿ. "ಚಿನ್ನು ಅಂತಾನೇ ಕರೀತಿದ್ರು" ಎಂದುಬಿಟ್ಟೆ.

ಅವಳ ಕಣ್ಣು ತುಂಬಿಬಂತು. "ಅಯ್ಯೋ, ಹಾಗಾದ್ರೆ ಮೊದಲನೇ ದಿನದಿಂದ ನಿಮ್ಮನ್ನೇ ಕರೀತಿದ್ರು! ಓಗೊಡ್ಬೇಡಿ ಅಂತ ನಾನು ಹೇಳಿದ್ನಲ್ಲ. ಇನ್ಮೇಲೆ ಕರೆದ ತಕ್ಷಣ ಓ ಅನ್ನಿ ಅಮ್ಮ" ಎಂದಳು. ಹಾಗೇ ಮಾಡುತ್ತಿದ್ದೇನೆ. ನೀನು ಬಂದಾಗ ಅವಳೆದುರು ಏನೂ ಅನ್ನಬೇಡ, ಕೇಳಿಸಿಕೊಂಡು ಬೆಚ್ಚಲೂ ಬೇಡ. ಅಗೋ, ಕರೆಯುತ್ತಿದ್ದಾರೆ. ನಾನು ಹೋಗಬೇಕು.