ಪಕ್ಕದ ಹಾಸಿಗೆಯ ಸಕ್ಕುಬಾಯಿ

ಚಿಂಚವಾಡ, ಪುಣೆ
೨೯ ಜನವರಿ ೨೦೨೨

ಪ್ರೀತಿಯ ಪ್ರಲ್ಹಾದಣ್ಣಾ,

ಆಸ್ಪತ್ರೆಯ ಹಾಸಿಗೆಯಿಂದಲೇ ನಿನ್ನ ತಂಗಿ ಅಂಬಾಳ ನಮಸ್ಕಾರ. ನಿನ್ನ ಬಿಪಿ ಹತೋಟಿಯಲ್ಲಿದೆಯೇ? ನಿನ್ನ ಮನೆಯಾಕೆ, ನಮ್ಮ ವೈನಿಯ ಮೊಣಕಾಲು ಹೇಗಿದೆ? ಬೆಳಗಾವಿಯ ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ಆ ಕಿವಿ ಫೋನಿನಲ್ಲಿ ಅರ್ಧ ಕೇಳಿಸಿಕೊಂಡು ಉಳಿದರ್ಧ ತಾನೇ ಕಟ್ಟಿಕೊಳ್ಳುತ್ತದೆ, ಅದಕ್ಕೇ ಪತ್ರ.

ಮೊದಲು ಸಿಹಿ ಸುದ್ದಿ. ನಾಳೆ ನನ್ನನ್ನು ಮನೆಗೆ ಕಳಿಸುತ್ತಾರೆ. ಎಪ್ಪತ್ತೆರಡು ವರ್ಷದವಳು, ದಮ್ಮಿನವಳು, ಸಕ್ಕರೆ ಕಾಯಿಲೆಯವಳು. ಕೊರೋನಾ ಎಂದು ಗೊತ್ತಾದ ದಿನ ಮಗ ಋಷಿಕೇಶನಿಗೆ ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ಹೇಳಿಯೇ ಅಂಬುಲೆನ್ಸು ಹತ್ತಿದ್ದೆ. ಆದರೆ ಮೂರೇ ದಿನಕ್ಕೆ ಆಕ್ಸಿಜನ್ ತೆಗೆದರು. ಸಕ್ಕರೆ ಏರಿದ್ದಕ್ಕೆ ಇಷ್ಟು ದಿನ ಇಟ್ಟುಕೊಂಡರು, ಅಷ್ಟೇ.

ನನ್ನ ಪಕ್ಕದ ಹಾಸಿಗೆಗೆ ಬಂದವಳು ಸಕ್ಕುಬಾಯಿ. ಪಿಂಪ್ರಿ ಮಂಡಿಯಲ್ಲಿ ತರಕಾರಿ ಮಾರುವವಳು, ನನಗಿಂತ ಆರು ವರ್ಷ ಚಿಕ್ಕವಳು. ಬುಟ್ಟಿ ಹೊತ್ತು ಗಟ್ಟಿಯಾದ ತೋಳು, ಒಂದು ದಿನವೂ ಔಷಧಿ ನುಂಗಿದವಳಲ್ಲ. ಬಂದ ದಿನ ನನ್ನ ಕೆಮ್ಮು ಕೇಳಿ ಅವಳೇ ನನಗೆ ಧೈರ್ಯ ಹೇಳಿದಳು. ಲಸಿಕೆ ಹಾಕಿಸಿಕೊಂಡರೆ ಎರಡು ದಿನ ಜ್ವರ ಬರುತ್ತದೆ, ವ್ಯಾಪಾರ ಕೆಡುತ್ತದೆ ಎಂದು ಮುಂದೂಡುತ್ತಲೇ ಬಂದಿದ್ದಳಂತೆ. ಮೂರನೆಯ ದಿನ ಅವಳಿಗೆ ಮಾತಾಡಲೂ ಉಸಿರು ಸಾಲದಾಯಿತು. ಐಸಿಯುಗೆ ಒಯ್ಯುವಾಗ ನನ್ನ ಮುಂಗೈ ಹಿಡಿದು, “ತಾಯಿ, ತುಮ್ಹೀ ಲಸ ಘೇತಲೀ ಹೋತೀ ನಾ?” ಎಂದಳು. ಅಕ್ಕಾ, ನೀವು ಲಸಿಕೆ ತಗೊಂಡಿದ್ದಿರಲ್ಲವೇ ಎಂದು. ಹೂಂ ಎನ್ನಲು ನನಗೆ ನಾಚಿಕೆಯಾಯಿತು ಅಣ್ಣಾ. ಋಷಿಕೇಶ ಎರಡು ಸಲವೂ ಕೈಹಿಡಿದು ಎಳೆದೊಯ್ಯದಿದ್ದರೆ ನಾನೂ ಹಾಕಿಸಿಕೊಳ್ಳುತ್ತಿರಲಿಲ್ಲ.

ನಮ್ಮ ವಾರ್ಡಿನ ಡಾಕ್ಟರು ಶರ್ವರಿ ಧಾರವಾಡದ ಹುಡುಗಿ. ಎರಡು ಡೋಸ್ ಆದಮೇಲೂ ನನಗೇಕೆ ಬಂತು ಎಂದು ಅವಳೊಡನೆ ಜಗಳವನ್ನೇ ತೆಗೆದಿದ್ದೆ. ಅವಳು ನನ್ನ ಮಂಚದ ಪಕ್ಕದಲ್ಲೇ ಕೂತು ಹೇಳಿದಳು: “ಲಸಿಕಿ ಹಾಕಿಸ್ಕೊಂಡ್ರೂ ರೋಗ ಬರತದ್ರಿ ಅಜ್ಜಿ, ಖರೆ. ಆದ್ರ ನಿಮ್ಮ ವಯಸ್ಸಿನವರನ್ನ ಐಸಿಯು ಬಾಗಿಲಿನತನಕ ಒಯ್ಯೋದು ಭಾಳ ಕಮ್ಮಿ ಆಗೇದ.” ಈ ತಿಂಗಳು ಇಲ್ಲಿ ಐಸಿಯುಗೆ ಹೋದ ಮುದುಕರಲ್ಲಿ ಹೆಚ್ಚಿನವರು ಒಂದೂ ಡೋಸ್ ಆಗದವರೇ ಅಂತೆ. ಎರಡೂ ಆದ ಒಬ್ಬರು ಕಿಡ್ನಿ ಕೆಟ್ಟಿದ್ದರಿಂದ ತೀರಿಕೊಂಡರು, ಅದನ್ನೂ ಆ ಹುಡುಗಿ ಮುಚ್ಚಿಡಲಿಲ್ಲ. ಅದಕ್ಕೇ ಅವಳ ಉಳಿದ ಮಾತನ್ನು ನಂಬಿದೆ.

ನಿನ್ನ ಗೆಳೆಯ ಧರ್ಮರಾಜರು ಲಸಿಕೆಯಾದ ಮೂರನೆಯ ದಿನವೇ ಹೋದರು. ಅಂದಿನಿಂದ ಲಸಿಕೆಯೇ ಬೇಡವೆನ್ನುವ ನಿನ್ನ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರ ವಿಷಯವನ್ನೂ ಶರ್ವರಿಯನ್ನು ಕೇಳಿದೆ. ಅವರ ಹೃದಯಕ್ಕೆ ಮೊದಲೇ ಎರಡು ಸಲ ಪೆಟ್ಟು ಬಿದ್ದಿತ್ತಲ್ಲ, ಅದನ್ನೂ ಹೇಳಿದೆ. ಕಾಗದಪತ್ರ ನೋಡದೆ ತಾನು ಏನನ್ನೂ ಹೇಳಲಾರೆ, ಆದರೆ ಅಣ್ಣನವರಿಗೆ ಬಿಪಿ ಇದೆ ಅಂದಮೇಲೆ ಲಸಿಕೆ ಇನ್ನೂ ಬೇಕು ಎಂದಳು ಶರ್ವರಿ.

ಇಂದು ಮುಂಜಾನೆ ಏನಾಯಿತು ಗೊತ್ತೇ? ಎಂಟು ದಿನದ ಮೇಲೆ ಸಕ್ಕುಬಾಯಿಯನ್ನು ಐಸಿಯುನಿಂದ ವಾರ್ಡಿಗೆ ಕರೆತಂದರು. ನಾವು ಹಾಸಿಗೆಯಲ್ಲಿದ್ದವರೆಲ್ಲ ಎದ್ದು ಕೂತು ಚಪ್ಪಾಳೆ ತಟ್ಟಿದೆವು. ಆ ಗಟ್ಟಿ ತೋಳು ಕಡ್ಡಿಯಾಗಿದೆ, ಚಮಚ ಎತ್ತಲಾಗದು. ಗಂಜಿ ನಾನೇ ಕುಡಿಸಿದೆ. ಮೂರು ಗುಟುಕು ಕುಡಿದು, ಉಪ್ಪು ಕಮ್ಮಿ ಎಂದಳು. ಆ ಮಾತು ಕೇಳಿ ಅಳು ನಗು ಒಟ್ಟಿಗೇ ಬಂದವು ಅಣ್ಣಾ, ಅದೇ ಹುರುಪಿನಲ್ಲಿ ಕಾಗದ ಬೇಡಿ ಬರೆಯುತ್ತ ಕೂತಿದ್ದೇನೆ.

ನೀನು ನೂರು ಕಾಲ ಬಾಳಬೇಕು, ನನ್ನನ್ನು ಬೈಯುತ್ತಲೇ ಇರಬೇಕು.

ನಿನ್ನ ತಂಗಿ,
ಅಂಬಾ

ತಾ.ಕ.: ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ವೈನಿಯ ಎರಡೂ ಡೋಸ್ ಆಗಿವೆ. ಗಣಪತಿ ಹಬ್ಬಕ್ಕೆ ಇಲ್ಲಿ ನಮ್ಮ ಮನೆಗೆ ಬಂದಾಗ ಒಂದು, ಡಿಸೆಂಬರಿನಲ್ಲಿ ಬಂದಾಗ ಇನ್ನೊಂದು. ನಿನ್ನ ಮಾತು ಮೀರಿದೆನೆಂದು ನೊಂದಿದ್ದಾರೆ, ಬೈಯುವುದಿದ್ದರೆ ನನಗೆ ಬೈ. “ನಾ ಒಬ್ಬಾಕಿ ಉಳದು ಏನ್ ಮಾಡ್ಲಿ?” ಎಂದು ಫೋನಿನಲ್ಲಿ ಅತ್ತರು. ಈ ಪತ್ರ ಮುಟ್ಟಿದ ಮರುದಿನ ಮುಂಜಾನೆ ನಿನ್ನ ಆಧಾರ್ ಕಾರ್ಡು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಏನೂ ಕೇಳಬೇಡ, ಚಪ್ಪಲಿ ಹಾಕಿಕೊಂಡು ಜೊತೆಗೆ ಹೋಗು.