ಬಲಪುಟ ಮಗುವಿನದು

ಗದಗ, ಫೆಬ್ರವರಿ ೩೦, ೨೧೯೪

ನನ್ನ ಮುತ್ತಜ್ಜಿಯ ಮುತ್ತಜ್ಜಿ ಭಾಗ್ಯಶ್ರೀ ಅವರಿಗೆ ನಮಸ್ಕಾರಗಳು.

ದಿನಾಂಕ ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಉಳಿದ ದಿನಗಳು ಯಾವ ತಿಂಗಳಿಗೂ ಸೇರದೆ ಯುಗಾದಿಗೆ ಮುಂಚೆ ಬರುತ್ತವೆ. ಅಪರಿಚಿತ ಪದಗಳು ಎದುರಾದರೆ ಕ್ಷಮಿಸಬೇಕು. ನಾನು ಗಾಳಿಯಂತ್ರಗಳ ಕಂಪನ ಅಳೆಯುವ ಎಂಜಿನಿಯರ್, ವಯಸ್ಸು ಐವತ್ತೆರಡು. ಪತ್ರ ಬರೆದು ರೂಢಿಯಿಲ್ಲ.

ಇಲ್ಲಿ ಮಕ್ಕಳು ಏಳು ವರ್ಷದವರೆಗೆ ಮನೆಯಲ್ಲೇ ಕಲಿಯುತ್ತಾರೆ. ನನ್ನ ಮೊಮ್ಮಗಳು ಶಾಲ್ಮಲಾಗೆ ನಾಲ್ಕು. ಯಾರೂ ಕಲಿಸದೆಯೇ ಓದುತ್ತಾಳೆ. ಬೆಳಿಗ್ಗೆ ಅವಳೊಡನೆ ನೆರಳುಬೀದಿಯಲ್ಲಿ, ಎಂದರೆ ಮೇಲೆ ಸೌರಹಲಗೆ ಹೊದಿಸಿದ ರಸ್ತೆಯಲ್ಲಿ, ನಡೆದರೆ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ. ನೆರಳು ಒದ್ದೆಯಾಗುತ್ತದೆಯೇ? ತಕ್ಕಡಿಯನ್ನು ತೂಗುವವರು ಯಾರು? ಪ್ರತಿ ಮನೆಯಲ್ಲೂ ಉತ್ತರಗೋಡೆ ಇದೆ. ಕೇಳಿದ್ದಕ್ಕೆಲ್ಲ ತಕ್ಷಣ ಉತ್ತರ ಹೇಳುವ ಗೋಡೆ. ನಮ್ಮ ಮನೆತನದಲ್ಲಿ ಮಾತ್ರ ಅದಕ್ಕೆ ಕೌದಿ ಹೊದಿಸಿಡುತ್ತೇವೆ, ನೀವು ಆರಂಭಿಸಿದ ಪುಸ್ತಕ ಇರುವುದರಿಂದ.

ಎಡಪುಟದಲ್ಲಿ ಮಗುವಿನ ಪ್ರಶ್ನೆ, ಬಲಪುಟ ಖಾಲಿ. ಎಷ್ಟು ವರ್ಷಕ್ಕಾದರೂ ಸರಿ, ಉತ್ತರ ಕಂಡುಕೊಂಡು ಅಲ್ಲಿ ಬರೆಯಬೇಕಾದದ್ದು ಆ ಮಗುವೇ. ಚಂದ್ರ ನಮ್ಮ ಬಸ್ಸಿನ ಜೊತೆಗೇ ಏಕೆ ಬರುತ್ತಾನೆ ಎಂದು ನಾಲ್ಕನೆಯ ವಯಸ್ಸಿನಲ್ಲಿ ಕೇಳಿದ ನಿಮ್ಮ ಮಗಳು, ಹನ್ನೊಂದನೆಯ ವಯಸ್ಸಿನಲ್ಲಿ ಉತ್ತರ ಬರೆದಿದ್ದಾಳೆ. ಶಾಲ್ಮಲಾಳವೂ ಸೇರಿ ಅನೇಕ ಬಲಪುಟಗಳು ಖಾಲಿಯೇ ಇದ್ದವು. ನನ್ನ ಕೆಲಸದ ವರದಿಗಳಲ್ಲಿ ಖಾಲಿ ಜಾಗವೆಂದರೆ ಮುಗಿಯದ ಕೆಲಸ. ಕೌದಿ ಸರಿಸಿ, ಗೋಡೆಯನ್ನು ಕೇಳಿ, ಒಂದು ತಿಂಗಳಲ್ಲಿ ನೂರಾ ಹನ್ನೆರಡು ಬಲಪುಟಗಳನ್ನು ಅಂದವಾಗಿ ತುಂಬಿದೆ. ಮಗುವಿಗೆ ಉಪಕಾರವಾಯಿತೆಂದುಕೊಂಡೆ.

ಶಾಲ್ಮಲಾ ಮೂರು ದಿನ ಕೂತು ಎಲ್ಲವನ್ನೂ ಓದಿದಳು. ಆಮೇಲೆ ಹತ್ತೊಂಬತ್ತು ದಿನ ಒಂದೂ ಪ್ರಶ್ನೆ ಕೇಳಲಿಲ್ಲ. ಕಾರಣ ವಿಚಾರಿಸಿದೆ.

“ಎಲ್ಲಾ ಬರದು ಮುಗಿಸೀರಲ್ಲ ಮುತ್ಯಾ. ನಾ ಇನ್ನೇನ್ ಕೇಳ್ಲಿ?”

ಅವಳಿಗೆ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಹೆಂಡತಿ ಇಂದುಮತಿ, “ನಟ್ಟು ಬಿಗಿದಂಗ ಕೂಸಿನ ಬಾಯಿ ಬಿಗದ್ರಿ ನೋಡ್ರಿ,” ಎಂದಳು.

ಇಪ್ಪತ್ತನೆಯ ದಿನ ಇಂದುಮತಿ ರೊಟ್ಟಿ ಬಡಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿದೆ. ಒಂದು ರೊಟ್ಟಿ ಉಬ್ಬಿತು, ಇನ್ನೊಂದು ಉಬ್ಬಲಿಲ್ಲ. ನನಗೆ ಕಾರಣ ಗೊತ್ತಿತ್ತು, ತುಟಿ ಬಿಚ್ಚಲಿಲ್ಲ. ಮಗು ಎರಡನ್ನೂ ಬಹಳ ಹೊತ್ತು ನೋಡಿತು.

“ಮುತ್ಯಾ, ಇದ್ಯಾಕ ಉಬ್ಬಲಿಲ್ಲ?”

“ನೋಡೂಣು. ನೀನ ಒಂದು ಬಡಿ.”

ಏಳು ರೊಟ್ಟಿ ಕೆಟ್ಟವು. ಏಳನ್ನೂ ನಾನೇ ತಿಂದೆ. ಶಾಲ್ಮಲಾ ಹಿಟ್ಟಿನ ಕೈಯಲ್ಲೇ ಎಡಪುಟದಲ್ಲಿ ಪ್ರಶ್ನೆ ಬರೆದಳು. ಬಲಪುಟ ಇನ್ನೂ ಖಾಲಿಯಿದೆ. ನಾನು ತುಂಬಿದ ಪುಟಗಳ ಮೇಲೆ ಈಗ ದಿನಕ್ಕೆ ನಾಲ್ಕರಂತೆ ಬಿಳಿ ಹಾಳೆ ಅಂಟಿಸುತ್ತಿದ್ದೇನೆ.

ತಾಯಿ, ಈ ಪತ್ರ ತಲುಪುವಾಗ ನೀವು ಆ ಪುಸ್ತಕವನ್ನು ಇನ್ನೂ ಆರಂಭಿಸಿರದಿದ್ದರೆ ಒಂದು ಕೋರಿಕೆ. ಬಲಪುಟ ಮಗುವಿನದು ಎಂದು ರಟ್ಟಿನ ಒಳಗೆ ದೊಡ್ಡವರಿಗಾಗಿ ಬರೆದಿಡಿ. ಈ ಮನೆಯಲ್ಲಿ ಮುಂದೆ ಎಂಜಿನಿಯರ್‌ಗಳು ಹುಟ್ಟುತ್ತಾರೆ. ಚಂದ್ರನ ಪ್ರಶ್ನೆಗೆ ನಿಮಗೆ ಅಂದೇ ಉತ್ತರ ಗೊತ್ತಿತ್ತೆಂದು ನನ್ನ ಊಹೆ. ಏಳು ವರ್ಷ ಹೇಳದೆ ಇರಲು ನಿಮಗೆಷ್ಟು ಕಷ್ಟವಾಗಿರಬೇಕೆಂದು ಈಗ ತಿಳಿಯುತ್ತಿದೆ. ನನಗಿನ್ನೂ ಆರನೆಯ ದಿನ.

ನಿಮ್ಮವನೇ ಆದ,
ಮಲ್ಲಿನಾಥ